ನೂರಾ ಅರವತ್ತು ಲೀಟರ್ ನೀರು

ವೇ ಬ್ರಿಡ್ಜ್‌ನಲ್ಲಿ ಕ್ಯಾರವಾನ್ (ಕಾರಿನ ಹಿಂದೆ ಕಟ್ಟಿ ಎಳೆಯುವ ಚಕ್ರದ ಮೇಲಿನ ಮನೆ) ತೂಗಿಸಿದಾಗ ಚೀಟಿಯಲ್ಲಿ 2,530 ಕೆ.ಜಿ. ಅಂತ ಬಂತು. ನಮ್ಮ ಗಾಡಿಯ ಮಿತಿ 2,400. ಯಜಮಾನರು ನನ್ನ ಗ್ರೈಂಡರ್ ಕಡೆ ನೋಡಿದರು. ನಾನು ಅವರ ಟೂಲ್ ಬಾಕ್ಸ್ ಕಡೆ ನೋಡಿದೆ.

ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದೇವೆ. ಮಗಳು ಕೆಲಸಕ್ಕೆಂದು ಮೆಲ್ಬರ್ನ್ ಸೇರಿದ ಮೇಲೆ ಒಂದು ಹಳೆಯ ಹದಿನಾರು ಅಡಿಯ ಕ್ಯಾರವಾನ್ ಕೊಂಡೆವು. ಮಣ್ಣು ರಸ್ತೆ ತಡೆಯುವಂಥದ್ದು ಎಂದು ಮಾರಿದವರು ಹೇಳಿದ್ದರು. ಎಳೆಯಲು ನಮ್ಮ ಡೀಸೆಲ್ ಪ್ರಾಡೊ ಕಾರಿತ್ತು. ಎರಡು ಸಲ ಸಮುದ್ರ ತೀರದ ಪಾರ್ಕುಗಳಿಗೆ ಹೋಗಿಬಂದು ಧೈರ್ಯ ಬಂದ ಮೇಲೆ, ಜೂನ್ ಕೊನೆಯಲ್ಲಿ ಊಡ್ನದಾಟಾ ಟ್ರ್ಯಾಕ್ ಹಿಡಿಯೋಣ ಎಂದರು ಇವರು. ಮರ್ರೀಯಿಂದ ಮಾರ್ಲಾವರೆಗೆ ಸುಮಾರು 620 ಕಿಲೋಮೀಟರ್ ಮಣ್ಣು ರಸ್ತೆ. ನಡುವೆ ಊರು ಅನ್ನಿಸಿಕೊಳ್ಳುವಂಥವು ಎರಡೇ.

ತೂಕ ಇಳಿಸುವ ಕೆಲಸಕ್ಕೆ ಒಂದು ಭಾನುವಾರ ಪೂರ್ತಿ ಹಿಡಿಯಿತು. ಗ್ರೈಂಡರ್ ಹೋಯಿತು. ಬೀಡಿನ ದೋಸೆ ಹಂಚು ಹೋಯಿತು. ಇವರ ಟೂಲ್ ಬಾಕ್ಸಿನಲ್ಲಿ ಅರ್ಧ ಹೋಯಿತು, ಮಡಚುವ ಮೇಜು, ಮೂರನೆಯ ಕುರ್ಚಿ (ಯಾರಿಗೆ ಅಂತ ಇಟ್ಟಿದ್ದರೋ), ಒಂದು ಮೂಟೆ ಸೌದೆ ಹೋದವು. ಕೊನೆಗೆ, "ಎರಡು ವಾಟರ್ ಟ್ಯಾಂಕಲ್ಲಿ ಒಂದನ್ನ ಖಾಲಿ ಒಯ್ಯೋಣ ಕಣೇ, ಒಂದೇ ಏಟಿಗೆ ಎಂಬತ್ತು ಕೆ.ಜಿ. ಉಳಿಯುತ್ತೆ" ಎಂದರು. ಅದಕ್ಕೆ ಮಾತ್ರ ನಾನು ಒಪ್ಪಲಿಲ್ಲ. ನಾನು ಚಳ್ಳಕೆರೆ ಕಡೆಯವಳು. ಟ್ಯಾಂಕರ್ ಬರುವ ದಿನ ಸ್ಕೂಲಿಗೆ ಚಕ್ಕರ್ ಹೊಡೆದು ಕೊಡ ಹಿಡಿದು ಸಾಲು ನಿಂತವಳು. ಎಂಬತ್ತು ಎಂಬತ್ತರ ಎರಡು ಟ್ಯಾಂಕೂ ತುಂಬಲೇಬೇಕು, ಕುಡಿಯುವುದಕ್ಕೆ ಇಪ್ಪತ್ತು ಲೀಟರಿನ ಕ್ಯಾನು ಬೇರೆ, ಬೇಕಾದರೆ ನನ್ನ ಬಟ್ಟೆ ಇಳಿಸಿ ಎಂದೆ. ಎರಡನೇ ಸಲ ತೂಗಿದಾಗ 2,385 ಬಂತು.

ತೂಕದ ಜೊತೆಗೆ ಅದು ಎಲ್ಲಿ ಕೂತಿದೆ ಎಂಬುದೂ ಮುಖ್ಯ. ಭಾರವೆಲ್ಲ ಹಿಂದೆ ಇದ್ದರೆ ಕ್ಯಾರವಾನ್ ಬಾಲ ಅಲ್ಲಾಡಿಸತೊಡಗುತ್ತದೆ, ಆಮೇಲೆ ಕಾರನ್ನೇ ಅಲ್ಲಾಡಿಸುತ್ತದೆ. ಒಟ್ಟು ತೂಕದ ನೂರಕ್ಕೆ ಹತ್ತರಷ್ಟು ಕೊಂಡಿಯ ಮೇಲೆ ಬೀಳಬೇಕು ಎಂಬುದು ಇಲ್ಲಿನವರ ಲೆಕ್ಕ. ಅಕ್ಕಿ, ಬೇಳೆ, ಡಬ್ಬಗಳನ್ನೆಲ್ಲ ಅಚ್ಚಿನ ನೇರಕ್ಕೆ ಕೆಳಗಿನ ಕಪಾಟಿನಲ್ಲಿ ಜೋಡಿಸಿದೆ. ಮೇಲಿನ ಕಪಾಟಿನಲ್ಲಿ ಹಪ್ಪಳ, ಅವಲಕ್ಕಿ, ಟವೆಲ್ ಮಾತ್ರ.

ಮೊದಲ ದಿನ ಟಾರ್ ರಸ್ತೆ. ಫ್ಲಿಂಡರ್ಸ್ ಬೆಟ್ಟಸಾಲಿನ ಹಾಕರ್‌ನಲ್ಲಿ ಉಳಿದು ಟ್ಯಾಂಕುಗಳನ್ನು ತುಂಬಿಸಿಕೊಂಡೆವು. ಕಾರೊಂದೇ ಆಗಿದ್ದರೆ ನೂರು ಕಿಲೋಮೀಟರಿಗೆ ಹತ್ತು ಲೀಟರ್ ಡೀಸೆಲ್ ಸಾಕು, ಕ್ಯಾರವಾನ್ ಕಟ್ಟಿದ ಮೇಲೆ ಹದಿನೆಂಟು ಕುಡಿಯಿತು. ಎದುರುಗಾಳಿ ಇದ್ದ ದಿನ ಇಪ್ಪತ್ತು.

ಮರ್ರೀ ತಲುಪಿದ್ದು ಎರಡನೇ ದಿನ ಸಂಜೆ. ಹಳೆಯ ಘಾನ್ ರೈಲಿನ ಊರು. 1884ರಲ್ಲಿ ಇಲ್ಲಿಗೆ, 1891ರಲ್ಲಿ ಊಡ್ನದಾಟಾಕ್ಕೆ, 1929ರಲ್ಲಿ ಆಲಿಸ್ ಸ್ಪ್ರಿಂಗ್ಸ್‌ಗೆ ಹಳಿ ತಲುಪಿತು. 1980ರಲ್ಲಿ ಈ ಮಾರ್ಗವನ್ನೇ ಮುಚ್ಚಿದರು. ಈಗ ಹಳಿಯ ತುಂಡಿನ ಮೇಲೆ ಎಂಜಿನ್‌ಗಳು ತುಕ್ಕು ಹಿಡಿದು ನಿಂತಿವೆ. ನನಗೆ ಹಿಡಿಸಿದ್ದು ಊರಿನ ಮಧ್ಯದ ಪುಟ್ಟ ಮಸೀದಿ, ಮಣ್ಣಿನ ಗೋಡೆಯದು, ಹಳೆಯದರ ಮಾದರಿಯಲ್ಲಿ ಮತ್ತೆ ಕಟ್ಟಿದ್ದು. ರೈಲಿಗಿಂತ ಮುಂಚೆ ಈ ದಾರಿಯಲ್ಲಿ ಸಾಮಾನು ಹೊತ್ತದ್ದು ಒಂಟೆಗಳು. ಅವನ್ನು ಹಡಗಿನಲ್ಲಿ ತಂದದ್ದು ಕರಾಚಿಯಿಂದ. ಒಂಟೆಯವರನ್ನು 'ಅಫ್ಘಾನರು' ಎಂದೇ ಕರೆದರು. ಅವರಲ್ಲಿ ಬಲೂಚಿಗಳಿದ್ದರು, ಸಿಂಧಿಗಳಿದ್ದರು, ಪಂಜಾಬಿಗಳಿದ್ದರು. ನಾವೇ ಮೊದಲು ಬಂದವರು ಎಂಬಂತೆ ಅಡಿಲೇಡ್‌ನ ನಮ್ಮ ಸಂಘದಲ್ಲಿ ಮಾತಾಡಿಕೊಳ್ಳುತ್ತೇವಲ್ಲ, ನಗು ಬಂತು.

ಮರುದಿನ ಟಾರು ಮುಗಿದ ಕಡೆ ಇಳಿದು ಟೈರುಗಳ ಗಾಳಿ ಇಳಿಸಿದೆವು, ನಲವತ್ತರಿಂದ ಮೂವತ್ತಕ್ಕೆ. ಗಾಳಿ ಕಡಿಮೆ ಇದ್ದರೆ ಟೈರು ಕಲ್ಲಿನ ಮೇಲೆ ಮೆತ್ತಗೆ ಹರಡಿಕೊಳ್ಳುತ್ತದೆ, ಬೇಗ ಹರಿಯುವುದಿಲ್ಲ. ಆದರೆ ವೇಗವನ್ನೂ ಇಳಿಸಬೇಕು, ಇಲ್ಲದಿದ್ದರೆ ಟೈರು ಕಾದು ಕೆಡುತ್ತದೆ. ನಾವು ಅರವತ್ತು ದಾಟಲಿಲ್ಲ. ರಸ್ತೆ ಜಿಂಕ್ ಶೀಟಿನಂತೆ ಅಡ್ಡಡ್ಡ ಗೀರು. ಎಂಬತ್ತರಲ್ಲಿ ಹೋದರೆ ಗೀರಿನ ಮೇಲೆ ತೇಲಿಕೊಂಡು ಹೋಗಬಹುದು ಎನ್ನುವವರಿದ್ದಾರೆ. ತೇಲುವ ಗಾಡಿಗೆ ಬ್ರೇಕು ಹಿಡಿಯುವುದಿಲ್ಲ ಎಂಬುದನ್ನು ಅವರು ಹೇಳುವುದಿಲ್ಲ.

ಮರ್ರೀಯಿಂದ ಸ್ವಲ್ಪ ದೂರದಲ್ಲಿ ಡಿಂಗೋ ಬೇಲಿ ದಾಟಿದೆವು. ಕಾಡುನಾಯಿಗಳನ್ನು ತಡೆಯಲು ಸುಮಾರು 5,600 ಕಿಲೋಮೀಟರ್ ಉದ್ದಕ್ಕೆ ಎಳೆದಿರುವ ಬೇಲಿ. ಬೇಲಿಯ ದಕ್ಷಿಣಕ್ಕೆ ಕುರಿ, ಉತ್ತರಕ್ಕೆ ದನ. ಮುಂದೆ ಕಾಟಿ ತಂಡಾ, ನಕ್ಷೆಯಲ್ಲಿ ಲೇಕ್ ಐರ್, ಸಮುದ್ರ ಮಟ್ಟಕ್ಕಿಂತ ಹದಿನೈದು ಮೀಟರ್ ಕೆಳಗಿನ ಉಪ್ಪಿನ ಬಯಲು. ಅದು ಇಲ್ಲಿನ ಮೂಲನಿವಾಸಿ ಅರಬಾನಾ ಜನರ ನೆಲ, ಅವರಿಗೆ ಪವಿತ್ರ. ದಡದಲ್ಲೇ ನಿಂತು ನೋಡಿದೆವು, ತಳಕ್ಕೆ ಇಳಿಯಲಿಲ್ಲ. ಫೋಟೋ ತೆಗೆದೆ. ಬರೀ ಬಿಳಿ ಬಂತು.

ಕವರ್ಡ್ ಸ್ಪ್ರಿಂಗ್ಸ್‌ನಲ್ಲಿ ಗಾಡಿ ನಿಲ್ಲಿಸುವಾಗ ಎಂದಿನಂತೆ ಜಗಳ. ಕ್ಯಾರವಾನನ್ನು ರಿವರ್ಸ್ ತೆಗೆಯುವಾಗ ಸ್ಟೀರಿಂಗ್ ಎಡಕ್ಕೆ ತಿರುಗಿಸಿದರೆ ಅದು ಬಲಕ್ಕೆ ಹೋಗುತ್ತದೆ. ನಾನು ಹಿಂದೆ ನಿಂತು "ಎಡಕ್ಕೆ ರೀ" ಎಂದರೆ ಕಾರಿನ ಎಡವೋ, ಕ್ಯಾರವಾನಿನ ಎಡವೋ, ನನ್ನ ಎಡವೋ ಎಂದು ಇವರ ಪ್ರಶ್ನೆ. ಕೊನೆಗೆ ನಾವು ಕಂಡುಕೊಂಡ ಉಪಾಯ ಎಂದರೆ ಎಡ ಬಲ ಅನ್ನುವುದನ್ನೇ ಬಿಡುವುದು. "ಮರದ ಕಡೆ", "ಬೇಲಿ ಕಡೆ", ಅಷ್ಟೇ. ಮತ್ತೆ, ನಾನು ಕನ್ನಡಿಯಲ್ಲಿ ಕಾಣದಿದ್ದರೆ ಗಾಡಿ ನಿಲ್ಲಬೇಕು.

ನಿಲ್ಲಿಸಿದ ಮೇಲೆ ಗಾಡಿಯ ಅಡಿಯಲ್ಲಿ ಬಗ್ಗಿ ನೋಡುವುದು ನನ್ನ ಕೆಲಸ. ನೋಡಿದೆ, ಹಿಂದಿನ ಚಕ್ರದ ಹತ್ತಿರ ಕೆಂಪು ಧೂಳು ಕೆಸರಾಗಿ ಅಂಟಿಕೊಂಡಿತ್ತು. ಎಲ್ಲೋ ಹಾರಿದ ಕಲ್ಲು ಹಿಂದಿನ ಟ್ಯಾಂಕಿನ ಕೆಳಗಿನ ನಲ್ಲಿಯನ್ನು ಮುರಿದಿತ್ತು. ಎಂಬತ್ತು ಲೀಟರ್ ದಾರಿಯುದ್ದಕ್ಕೂ ಸುರಿದುಹೋಗಿತ್ತು. ಎರಡು ಟ್ಯಾಂಕುಗಳ ನಡುವಿನ ವಾಲ್ವನ್ನು ನಾನು ಹೊರಡುವಾಗಲೇ ಮುಚ್ಚಿದ್ದೆ. ಇವರು ನಕ್ಕಿದ್ದರು. ಅದೊಂದು ತೆರೆದಿದ್ದರೆ ಮುಂದಿನದೂ ಖಾಲಿ. ಎರಡು ದಿನ ಬಳಸಿ ಮುಂದಿನದರಲ್ಲಿ ಐವತ್ತು ಚಿಲ್ಲರೆ ಉಳಿದಿತ್ತು, ಕ್ಯಾನು ಮುಟ್ಟಿರಲಿಲ್ಲ.

ಇನ್ನೊಂದು ನಷ್ಟ ಒಳಗೆ. ಹುಳಿಪುಡಿ ಡಬ್ಬದ ಮುಚ್ಚಳ ಬಿಚ್ಚಿಕೊಂಡು ಕಪಾಟೆಲ್ಲ ಪುಡಿ, ಅದರ ಮೇಲೆ ಸಂದಿಯಿಂದ ನುಗ್ಗಿದ ಧೂಳು, ಎರಡಕ್ಕೂ ಒಂದೇ ಬಣ್ಣ. ಫ್ರಿಜ್ಜಿನಲ್ಲಿ ಗಟ್ಟಿ ಮೊಸರು ಇಟ್ಟಿದ್ದೆ. ತೆಗೆದು ನೋಡಿದರೆ ಮಜ್ಜಿಗೆ, ಮೇಲೆ ಬೆಣ್ಣೆಯ ಚೂರು ತೇಲುತ್ತಿದೆ. ನೂರಾ ಮೂವತ್ತು ಕಿಲೋಮೀಟರ್ ರಸ್ತೆ ಕಡೆದುಕೊಟ್ಟಿತ್ತು. ಅವತ್ತು ರಾತ್ರಿ ಮಜ್ಜಿಗೆಹುಳಿ.

ನಾವು ನೀರು ಚೆಲ್ಲಿಕೊಂಡು ಬಂದು ನಿಂತ ಜಾಗ ಎಂಥದ್ದೆಂದರೆ, ಅಲ್ಲಿ ನೀರು ತಾನಾಗಿ ಮೇಲೆ ಬರುತ್ತದೆ. 1886ರಲ್ಲಿ ರೈಲಿಗಾಗಿ ಕೊರೆದ ಬೋರು. ಇಲ್ಲಿನವರೂ ಕೊಳವೆ ಬಾವಿಗೆ 'ಬೋರ್' ಅಂತಲೇ ಹೇಳುವುದು, ನಮ್ಮೂರಿನ ಹಾಗೆ. ಮೋಟರಿಲ್ಲ, ಕರೆಂಟಿಲ್ಲ. ಖಂಡದ ಐದನೇ ಒಂದು ಭಾಗಕ್ಕೂ ಹೆಚ್ಚು ನೆಲದಡಿ ಹರಡಿರುವ ಗ್ರೇಟ್ ಆರ್ಟೀಸಿಯನ್ ಬೇಸಿನ್‌ನ ನೀರು. ಪೂರ್ವದ ಬೆಟ್ಟಗಳಲ್ಲಿ ಇಂಗಿದ ಮಳೆ ಕಲ್ಲಿನ ಪದರದಲ್ಲಿ ಲಕ್ಷಾಂತರ ವರ್ಷ ತೆವಳಿ, ಮೇಲಿನ ಒತ್ತಡಕ್ಕೆ ಇಲ್ಲಿ ಚಿಮ್ಮುತ್ತದೆ. ಹತ್ತಿರದಲ್ಲೇ ಬಬ್ಲರ್, ಬ್ಲಾಂಚ್ ಕಪ್ ಎಂಬ ಎರಡು ಸಹಜ ಬುಗ್ಗೆಗಳಿವೆ. ಬಬ್ಲರ್‌ನಲ್ಲಿ ಮರಳು ಅನ್ನ ಕುದಿದ ಹಾಗೆ ಕೊತಕೊತ ಏಳುತ್ತಿರುತ್ತದೆ, ಆದರೆ ನೀರು ಉಗುರುಬೆಚ್ಚಗೆ ಅಷ್ಟೇ. ಈ ಬುಗ್ಗೆಗಳ ಸಾಲನ್ನೇ ಹಿಡಿದು ಅರಬಾನಾ ಜನ ಓಡಾಡಿದರು. ಅವರ ಬುಗ್ಗೆಗಳನ್ನೇ ಹಿಡಿದು ಅನ್ವೇಷಕ ಜಾನ್ ಮೆಕ್‌ಡೂಆಲ್ ಸ್ಟುವರ್ಟ್ ಉತ್ತರಕ್ಕೆ ದಾರಿ ಹುಡುಕಿದ. ಆ ಜಾಡಿನಲ್ಲೇ 1872ರ ಟೆಲಿಗ್ರಾಫ್ ತಂತಿ, ಅದರ ಪಕ್ಕಕ್ಕೇ ರೈಲು. ರಸ್ತೆ ಯಾಕೆ ಹೀಗೆ ಡೊಂಕಾಗಿ ಹೋಗುತ್ತದೆ ಎಂದು ಬೆಳಗಿನಿಂದ ಗೊಣಗುತ್ತಿದ್ದೆ. ಅದು ನೀರಿಂದ ನೀರಿಗೆ ಹೋಗುತ್ತಿತ್ತು.

ಬೋರಿನ ನೀರು ಹರಿದು ಜೊಂಡು ಬೆಳೆದಿದೆ, ರೈಲಿನ ಕಾಲದ ಖರ್ಜೂರದ ಮರಗಳಿವೆ, ಸ್ನಾನಕ್ಕೆ ಮರದ ತೊಟ್ಟಿ ಕಟ್ಟಿದ್ದಾರೆ. ಕಾಲು ಇಳಿಬಿಟ್ಟು ಕೂತೆ. ನಮ್ಮಪ್ಪ ಸಾಲ ಮಾಡಿ ಮೂರು ಬೋರ್ ಕೊರೆಸಿದ್ದರು. ಮೂರನೆಯದು ಆರುನೂರು ಅಡಿ ಹೋಗಿ ಬರೀ ಬಿಳಿ ಪುಡಿ ಉಗುಳಿತು. ಲಾರಿಯವನು ಪೈಪು ಮೇಲೆತ್ತುವಾಗ ಅಪ್ಪ ಅಲ್ಲಿ ನಿಲ್ಲಲಿಲ್ಲ, ಬೇವಿನ ಮರದ ಕಡೆ ಹೋಗಿ ಬೀಡಿ ಹಚ್ಚಿದರು. ನೂರಾ ಮೂವತ್ತು ವರ್ಷದ ಮೇಲಿನಿಂದ ಯಾರೂ ಕೇಳದೆ ಹರಿಯುತ್ತಿರುವ ಈ ನೀರನ್ನು ಅವರು ನೋಡಿದ್ದರೆ ಖುಷಿಪಡುತ್ತಿರಲಿಲ್ಲ, ಬೈಯುತ್ತಿದ್ದರು. ಇಲ್ಲಿಯೂ ಈಗ ಅದು ಗೊತ್ತಾಗಿದೆ. ಇಷ್ಟಬಂದಂತೆ ಹರಿಯಬಿಟ್ಟರೆ ನೆಲದಡಿಯ ಒತ್ತಡ ಇಳಿದು ಬುಗ್ಗೆಗಳು ಸಾಯುತ್ತವೆಂದು ಎಷ್ಟೋ ಹಳೆಯ ಬೋರುಗಳಿಗೆ ಮುಚ್ಚಳ ಹಾಕುತ್ತಿದ್ದಾರೆ. ಬುಗ್ಗೆಯ ನೀರು ಬಾಯಿಗೆ ಹಾಕಿಕೊಂಡೆ, ಉಪ್ಪುಪ್ಪು. ನಮ್ಮ ಐವತ್ತು ಲೀಟರಿಗೆ ಅದು ಸೇರುವಂತಿರಲಿಲ್ಲ.

ಅಲ್ಲಿಂದ ದಿನಕ್ಕೆ ಹದಿನಾಲ್ಕು ಲೀಟರ್ ಇದ್ದದ್ದು ಹತ್ತಕ್ಕೆ ಇಳಿಯಿತು. ಅಕ್ಕಿ ತೊಳೆದ ನೀರಲ್ಲಿ ಪಾತ್ರೆಯ ಮೊದಲ ತೊಳೆತ. ತಟ್ಟೆಯನ್ನು ಮೊದಲು ಕಾಗದದಲ್ಲಿ ಒರೆಸಿ ಆಮೇಲೆ ನೀರು. ಅನ್ನದ ಮೇಲೇ ಬೇಳೆ ಇಟ್ಟು ಒಂದೇ ಕುಕ್ಕರ್. ಮೈಗೆ ಒದ್ದೆ ಟವೆಲ್. ಟಾಯ್ಲೆಟ್ಟಿನ ಡಬ್ಬಿಯ ವಿಷಯ ಯಾರೂ ಬರೆಯುವುದಿಲ್ಲ, ನಾನು ಬರೆಯುತ್ತೇನೆ: ಅದನ್ನು ಗೊತ್ತುಮಾಡಿದ ಜಾಗದಲ್ಲೇ ಖಾಲಿ ಮಾಡಬೇಕು, ಮತ್ತೆ ತೊಳೆಯಲು ನೀರು ಬೇಕು. ಆ ಕೆಲಸ ಇವರದು. ಮದುವೆಯಾಗಿ ಇಪ್ಪತ್ತೇಳು ವರ್ಷದಲ್ಲಿ ಇವರು ಗೊಣಗದೆ ಮಾಡಿದ ಮನೆಗೆಲಸ ಅದೊಂದೇ.

ವಿಲಿಯಂ ಕ್ರೀಕ್ ಎಂದರೆ ಒಂದು ಹೋಟೆಲು, ಡೀಸೆಲ್ ಪಂಪು, ವಿಮಾನ ಇಳಿಯುವ ಪಟ್ಟಿ. ನಾವು ಹೋದ ರಾತ್ರಿಯೇ ಮಳೆ. ಜೋರೇನಲ್ಲ, ನಮ್ಮಲ್ಲಾದರೆ ಜಡಿ ಅಂತಲೂ ಅನ್ನುವುದಿಲ್ಲ. ಬೆಳಿಗ್ಗೆ ರಸ್ತೆ ಮುಚ್ಚಿದೆ ಎಂಬ ಬೋರ್ಡು. ಇಲ್ಲಿನ ಜೇಡಿಮಣ್ಣು ನೆನೆದರೆ ಟೈರಿಗೆ ಹಿಟ್ಟಿನಂತೆ ಮೆತ್ತಿಕೊಳ್ಳುತ್ತದೆ. ಮುಚ್ಚಿದ ರಸ್ತೆಗೆ ಇಳಿದರೆ ದೊಡ್ಡ ದಂಡ, ಮತ್ತೆ ಆ ಜಾಡು ಒಣಗಿ ಉಳಿದವರ ಪಾಲಿಗೆ ತಿಂಗಳುಗಟ್ಟಲೆ ಗುಂಡಿ. ಮೂರು ರಾತ್ರಿ ಅಲ್ಲೇ. ನಾನು ಕ್ಯಾರವಾನಿನ ಚಪ್ಪರದ ಅಂಚಿಗೆ ಬಕೆಟ್ ಇಟ್ಟು ಒಂಬತ್ತು ಲೀಟರ್ ಹಿಡಿದೆ. ಪಕ್ಕದ ಗಾಡಿಯ ಅಜ್ಜಿ ನೋಡಿ ತನ್ನ ಬಕೆಟ್ಟೂ ತಂದಳು.

ಊಡ್ನದಾಟಾ ದಾರಿಯಲ್ಲಿ ಕಲ್ಲು ಜಾಸ್ತಿ, ತುಕ್ಕುಬಣ್ಣದ ಹರಳುಗಲ್ಲು, ಚೂಪು. ಟೈರಿನ ಗಾಳಿ ತೋರಿಸುವ ಸೆನ್ಸರ್ ಕಿರುಚಿತು.

"ರೀ, ನಿಲ್ಸಿ."

"ಕುಲುಕಾಟಕ್ಕೆ ಹಾಗೆ ಕೂಗುತ್ತೆ ಕಣೇ, ನಿನ್ನೆನೂ ಕೂಗಿತ್ತಲ್ಲ."

ಐದು ನಿಮಿಷಕ್ಕೆ ಕ್ಯಾರವಾನಿನ ಎಡಗಡೆ ಟೈರು ಪಟ್ಟಿಪಟ್ಟಿ. ಆ ಸೆನ್ಸರ್ ಹತ್ತು ಸಲ ಸುಳ್ಳು ಹೇಳಿದರೂ ಹನ್ನೊಂದನೇ ಸಲ ಇಳಿದು ನೋಡಬೇಕು. ಎರಡು ಸ್ಟೆಪ್ನಿ ತಂದಿದ್ದೆವು. ಜಾಕ್ ಮಣ್ಣಿನಲ್ಲಿ ಹೂತುಹೋಗತೊಡಗಿತು, ರೊಟ್ಟಿ ತಟ್ಟುವ ನನ್ನ ಹಲಗೆ ಅದರಡಿಗೆ ಹೋಯಿತು. ಆ ನಲವತ್ತು ನಿಮಿಷದಲ್ಲಿ ಮೂರು ಗಾಡಿ ಹಾದವು, ಮೂರೂ ನಿಂತು ಕೇಳಿದವು. ಕೊನೆಯವರು ನಟ್ಟು ಬಿಗಿದುಕೊಟ್ಟರು, ಅವರಿಗೆ ಕೋಡುಬಳೆ ಕೊಟ್ಟೆ. ಹಲಗೆಯ ಮೇಲೆ ಈಗಲೂ ಜಾಕಿನ ಗುಂಡಗಿನ ಗುರುತಿದೆ.

ಊಡ್ನದಾಟಾದ ಗುಲಾಬಿ ಬಣ್ಣದ ರೋಡ್‌ಹೌಸ್‌ನಲ್ಲಿ ಕೂತು ಚಹಾ ಕುಡಿದೆವು. 1960ರ ಜನವರಿ 2ರಂದು ಇಲ್ಲಿ 50.7 ಡಿಗ್ರಿ ಸೆಲ್ಸಿಯಸ್ ಸೆಖೆ ದಾಖಲಾಗಿತ್ತು. 2022ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಆನ್ಸ್ಲೋ ಅದನ್ನು ಸರಿಗಟ್ಟಿತು. ನಾವು ಹೋದ ದಿನ ಹದಿನೇಳು, ಸ್ವೆಟರ್ ಹಾಕಿದ್ದೆ. ಈ ದಾರಿಗೆ ಮೇಯಿಂದ ಆಗಸ್ಟ್ ಬಿಟ್ಟು ಬೇರೆ ತಿಂಗಳಲ್ಲಿ ಹೋಗುವ ಮಾತೇ ಬೇಡ.

ಮಾರ್ಲಾದಲ್ಲಿ ಟಾರು ಸಿಕ್ಕಿತು, ಗಾಳಿ ತುಂಬಿಸಿದೆವು. ಸ್ಟುವರ್ಟ್ ಹೈವೇಯಲ್ಲಿ ಬೇರೆ ಭಯ, ಮೂರು ಟ್ರೇಲರ್ ಎಳೆಯುವ ಐವತ್ತು ಮೀಟರಿಗೂ ಉದ್ದದ ರೋಡ್ ಟ್ರೇನ್‌ಗಳು. ಗಾಡಿಯಿಂದ ಗಾಡಿಗೆ ಮಾತಾಡುವ ರೇಡಿಯೋದ ನಲವತ್ತನೇ ಚಾನೆಲ್ ಹಾಕಿಟ್ಟು, ಹಿಂದೆ ಒಂದು ಕಂಡಾಗ "ನೀವು ಪಕ್ಕಕ್ಕೆ ಬಂದಾಗ ನಾವು ವೇಗ ಇಳಿಸ್ತೀವಿ" ಎಂದು ಹೇಳಿದರೆ ಅವರೂ ಮರ್ಯಾದೆಯಿಂದ ಹಾದುಹೋಗುತ್ತಾರೆ. ಕೂಬರ್ ಪೀಡಿಯಲ್ಲಿ ದುಡ್ಡು ಹಾಕಿದರೆ ನೀರು ಬರುವ ಪೈಪಿದೆ. ಅಲ್ಲೂ ಬೋರಿನದೇ, ಉಪ್ಪು ತೆಗೆದದ್ದು. ಮುಂದಿನ ಟ್ಯಾಂಕನ್ನು ತುಂಬಿಸಿದೆ, ಇವರು ಏನೂ ಹೇಳಲಿಲ್ಲ.

ಮನೆ ತಲುಪಿದಾಗ ರಾತ್ರಿ ಎಂಟು. ರಿವರ್ಸ್ ಒಂದೇ ಏಟಿಗೆ ಆಯಿತು, "ಲೈಟ್ ಕಂಬದ ಕಡೆ" ಎಂದು ಒಂದೇ ಸಲ ಹೇಳಿದ್ದು. ಇಳಿದ ತಕ್ಷಣ ಇವರು ಗಾಡಿಯಡಿ ಬಗ್ಗಿ, ಟ್ಯಾಂಕು ಖಾಲಿ ಮಾಡಲು ನಲ್ಲಿಗೆ ಕೈ ಹಾಕಿದರು, ಚರಂಡಿಗೆ.

"ಚೆಲ್ಬೇಡಿ ರೀ, ಒಂದ್ನಿಮಿಷ" ಎಂದು ಬಕೆಟ್ ತರಲು ಒಳಗೆ ಓಡಿದೆ. ಹತ್ತು ದಿನದಿಂದ ಕರಿಬೇವಿನ ಗಿಡಕ್ಕೆ ನೀರಿರಲಿಲ್ಲ.