ತಾರಸಿಯ ಅಂಜೂರಕ್ಕೆ ಚಳಿಗಾಲ ಮಾಡಿಕೊಡುವುದು

ಹಿಮ ಬೀಳುವ ನಾಡುಗಳಲ್ಲಿ ಕುಂಡದ ಅಂಜೂರವನ್ನು ಚಳಿಗಾಲಕ್ಕೆ ಶೆಡ್ಡಿನೊಳಗೆ ಇಡುತ್ತಾರೆ. ಎಲೆ ಉದುರಿ ಗಿಡ ಮಲಗುತ್ತದೆ, ಎದ್ದಾಗ ಹೊಸ ಚಿಗುರಿನ ಜೊತೆ ಕಾಯಿ. ದಾವಣಗೆರೆ, ಚಿತ್ರದುರ್ಗದಲ್ಲಿ ಅಂಥ ಚಳಿ ಎಲ್ಲಿಂದ ಬರಬೇಕು? ಸುಮ್ಮನೆ ಬಿಟ್ಟರೆ ಗಿಡ ಎಲೆಯನ್ನೇ ಬೆಳೆಸುತ್ತದೆ, ಕಾಯಿ ಅಲ್ಲೊಂದು ಇಲ್ಲೊಂದು. ಆ ಚಳಿಯ ಕೆಲಸವನ್ನು ಇಲ್ಲಿ ಕತ್ತರಿಯೇ ಮಾಡಬೇಕು.

ಪೂನಾ ತಳಿ ತಾಜಾ ತಿನ್ನಲು, ಡಯಾನಾ ಒಣಗಿಸಲು. ಎರಡಕ್ಕೂ ಪರಾಗಸ್ಪರ್ಶ ಬೇಡ. ಒಣ ಅಂಜೂರದ ಬೀಜ ಹಾಕಿ ಗಿಡ ಮಾಡುವ ಆಸೆ ಬಿಡಿ. ಅದರಲ್ಲಿ ಕಣಜ ಬಂದರಷ್ಟೇ ಕಾಯಿ ನಿಲ್ಲುವ ಜಾತಿಯೂ ಇರುತ್ತದೆ, ಆ ಕಣಜ ನಮ್ಮಲ್ಲಿಲ್ಲ.

18 ಇಂಚು ಅಗಲ, 18 ಇಂಚು ಎತ್ತರದ ಗ್ರೋ ಬ್ಯಾಗಿಗೆ ಸುಮಾರು 75 ಲೀಟರ್ ಮಿಶ್ರಣ ಹಿಡಿಯುತ್ತದೆ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ದಪ್ಪ ಮರಳು, 200 ಗ್ರಾಂ ಬೇವಿನ ಹಿಂಡಿ. ಹೊಲದ ಎರೆಮಣ್ಣು ಮಾತ್ರ ಬೇಡ: ಮಳೆಗೆ ನೀರು ಹಿಡಿದು ಬೇರು ಕೊಳೆಸುತ್ತದೆ, ಬಿಸಿಲಿಗೆ ಬಿರುಕು ಬಿಟ್ಟು ಬೇರು ಹರಿಯುತ್ತದೆ. ನೆನೆದ ಚೀಲ ನೂರು ಕಿಲೋಗೂ ಮೀರಿ ತೂಗಬಹುದಾದ್ದರಿಂದ ತಾರಸಿಯ ನಡುವೆ ಇಡದೆ ಪಿಲ್ಲರ್ ಅಥವಾ ಗೋಡೆಯ ನೇರಕ್ಕೆ ಇಡಿ. ಮೇಲೆ ಎರಡಿಂಚು ಶೇಂಗಾ ಸಿಪ್ಪೆ ಹಾಸಿ. ಚಳ್ಳಕೆರೆ ಕಡೆ ಅದಕ್ಕೇನೂ ಬರವಿಲ್ಲ.

ಮುಖ್ಯ ಕೆಲಸ ಅಕ್ಟೋಬರ್‌ನಲ್ಲಿ. ನಮ್ಮಲ್ಲಿ ಸೆಪ್ಟೆಂಬರ್-ಅಕ್ಟೋಬರ್ ಮಳೆಯೇ ಜೋರು, ಹಾಗಾಗಿ ಅದರ ಆರ್ಭಟ ತಗ್ಗುವವರೆಗೆ ಕತ್ತರಿ ಎತ್ತಬೇಡಿ. ಮೊದಲು ಎರಡು ವಾರ ನೀರು ತಗ್ಗಿಸಿ, ನಾಲ್ಕೈದು ದಿನಕ್ಕೊಮ್ಮೆ ಮಾತ್ರ ಕೊಡಿ. ಮಳೆ ಬಂದರೆ ಚೀಲದ ಬಾಯಿಗೆ ಪ್ಲಾಸ್ಟಿಕ್ ಮುಚ್ಚಿ. ಎಲೆ ಹಳದಿಯಾದ ಮೇಲೆ ಆ ವರ್ಷದ ಪ್ರತಿ ರೆಂಬೆಯಲ್ಲೂ ಮೂರು-ನಾಲ್ಕು ಗಣ್ಣು ಉಳಿಸಿ ಉಳಿದದ್ದನ್ನು ಕತ್ತರಿಸಿ. ಹಣ್ಣು ಬರುವುದು ಹೊಸ ಚಿಗುರಿನ ಮೇಲೆ. ಕತ್ತರಿಸುವಾಗ ಕೈಗವಸು ಇರಲಿ, ಕತ್ತರಿಸಿದಲ್ಲಿ ಒಸರುವ ಹಾಲು ಚರ್ಮಕ್ಕೆ ತಾಗಿ ಬಿಸಿಲು ಬಿದ್ದರೆ ಬೊಬ್ಬೆ ಏಳುತ್ತದೆ. ಆಮೇಲೆ ಎರಡು ಕಿಲೋ ಎರೆಹುಳು ಗೊಬ್ಬರ ಕೊಟ್ಟು ನೀರು ಮತ್ತೆ ಶುರು ಮಾಡಿ. ಕತ್ತರಿಸಿದ ಬೆರಳು ದಪ್ಪದ, 8 ಇಂಚಿನ ತುಂಡುಗಳನ್ನು ಮೂರರಲ್ಲಿ ಎರಡು ಭಾಗ ಮಣ್ಣಿಗೆ ಹೂತರೆ ಹೊಸ ಗಿಡ. ಮೂರು ವರ್ಷಕ್ಕೊಮ್ಮೆ ಇದೇ ಹೊತ್ತಿಗೆ ಬೇರು ಹಿಡಿದ ಮಣ್ಣಿನ ಮುದ್ದೆಯ ಸುತ್ತ ಎರಡಿಂಚು ಕೊಯ್ದು ಹೊಸ ಮಣ್ಣು ತುಂಬಿ.

ಹಣ್ಣು ಫೆಬ್ರವರಿಯಿಂದ ಏಪ್ರಿಲ್‌ವರೆಗೆ, ಬಿಸಿಲಲ್ಲಿ ಹಣ್ಣಾಗುವುದರಿಂದ ಸಿಹಿ. ಮಳೆಗಾಲದಲ್ಲೂ ಒಂದಿಷ್ಟು ಬರುತ್ತದೆ. ಸಪ್ಪೆ, ಅದಕ್ಕೆ ಆಸೆಪಡಬೇಡಿ. ಬೇಸಿಗೆಯಲ್ಲಿ ದಿನಾ ಬೆಳಗ್ಗೆ ನಾಲ್ಕೈದು ಲೀಟರ್ ನೀರು. ಎರಡು ದಿನ ಮರೆತು ಮೂರನೇ ದಿನ ಒಮ್ಮೆಲೇ ಸುರಿದರೆ ಹಣ್ಣು ಸೀಳುತ್ತದೆ, ಒಣಗಿದರೆ ಹೀಚು ಉದುರುತ್ತದೆ. ಬೋರ್ ನೀರಿನಿಂದ ಮಣ್ಣಿನ ಮೇಲೆ ಬಿಳಿ ಉಪ್ಪು ಕಟ್ಟಿದರೆ ಮಳೆನೀರನ್ನು ತಳದಿಂದ ಹರಿಯುವಷ್ಟು ಹಾಕಿ ತೊಳೆಯಿರಿ.

ಎಲೆಯಡಿ ಕಂದು ಪುಡಿ ಕಂಡರೆ ಅದು ತುಕ್ಕು ರೋಗ. ಉದುರಿದ ಎಲೆ ಆರಿಸಿ ಸುಟ್ಟು, ತಾಮ್ರದ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂ ಸಿಂಪಡಿಸಿ, ಹಣ್ಣು ಕೊಯ್ಯುವ ಕಾಲದಲ್ಲಿ ಮಾತ್ರ ಬೇಡ. ಗಿಡ ಸೊರಗಿ, ಬೇರಲ್ಲಿ ಗಂಟು ಕಂಡರೆ ಅದು ಮಣ್ಣಿನ ಸೂಕ್ಷ್ಮ ಜಂತುಹುಳು (ನೆಮಟೋಡ್). ಆ ಮಣ್ಣನ್ನು ಬೇರೆ ಕುಂಡಕ್ಕೆ ಹಾಕಬೇಡಿ.

ಹಣ್ಣಿನ ಕುತ್ತಿಗೆ ಬಾಗಿ, ಮುಟ್ಟಿದರೆ ಮೆತ್ತಗಾದಾಗ ಕೊಯ್ಯಿರಿ. ತೊಟ್ಟಿನಲ್ಲಿ ಹಾಲು ಒಸರಿದರೆ ಅದು ಇನ್ನೂ ಕಾಯಿ, ಮನೆಯಲ್ಲಿಟ್ಟರೆ ಸಿಹಿಯಾಗುವುದಿಲ್ಲ. ಬುಲ್‌ಬುಲ್ ಹಕ್ಕಿಗೆ ಈ ಲೆಕ್ಕ ನಮಗಿಂತ ಒಂದು ದಿನ ಮೊದಲೇ ಗೊತ್ತಾಗುತ್ತದೆ, ಬಣ್ಣ ತಿರುಗಿದ ಕೂಡಲೇ ಬಲೆಚೀಲ ಕಟ್ಟಿ.