ದೊಡ್ಡವರ ಹೈಪೊಸ್ಪಾಡಿಯಾಸ್: ಹನ್ನೆರಡು ವರ್ಷ ಕೈ ಸುಟ್ಟುಕೊಂಡ ಮೇಲೆ

"ದೊಡ್ಡವರದ್ದು ಮುಟ್ಟಬೇಡ, ಹೊಲಿಗೆ ನಿಲ್ಲಲ್ಲ." ಹೈಪೊಸ್ಪಾಡಿಯಾಸ್ ಅಂದರೆ ಮೂತ್ರದ ರಂಧ್ರ ಶಿಶ್ನದ ತುದಿಯಲ್ಲಿರದೆ ಅಡಿಭಾಗದಲ್ಲಿ ತೆರೆದುಕೊಂಡಿರುವ ಹುಟ್ಟುದೋಷ. ಅದರ ಆಪರೇಷನ್ ಬಗ್ಗೆ ನನಗೆ ಕಲಿಸಿದವರು ಹೇಳಿದ್ದು ಇಷ್ಟೇ. ಆರರಿಂದ ಹದಿನೆಂಟು ತಿಂಗಳೊಳಗೆ ಮಾಡಿದರೆ ಬಂಗಾರ, ವಯಸ್ಸು ಇಪ್ಪತ್ತು ದಾಟಿದರೆ ತಲೆನೋವು. ಹುಬ್ಬಳ್ಳಿಯಲ್ಲಿ ಕೂತು ಆ ತಲೆನೋವನ್ನು ಸುಮಾರು 45 ಸಲ ಮೈಮೇಲೆ ಎಳೆದುಕೊಂಡಿದ್ದೇನೆ. ಡೈರಿ ತೆಗೆಯದೆ ಬರೆಯುತ್ತಿದ್ದೇನೆ, ಒಂದೆರಡು ಹೆಚ್ಚುಕಮ್ಮಿ ಇದ್ದೀತು.

ಮೊದಲ ಹತ್ತರಲ್ಲಿ ಐದು ಫಿಸ್ಟುಲಾ, ಅಂದರೆ ಹೊಲಿಗೆ ಬಿಟ್ಟು ಮೂತ್ರ ಸೋರುವ ತೂತು. ಮಕ್ಕಳಿಗೆ ಮಾಡುವುದನ್ನೇ ಹಾಗೇ ಮಾಡಿದ್ದೆ: ಟಿಐಪಿ (ಇರುವ ಮೂತ್ರನಾಳದ ಪಟ್ಟಿಯನ್ನೇ ನಡುವೆ ಸೀಳಿ ನಳಿಗೆಯಾಗಿ ಸುತ್ತಿ ಹೊಲಿಯುವ ವಿಧಾನ), ತೀರಾ ತೆಳುವಾದ 6-0 ದಾರ, ಮೇಲೊಂದು ಡಾರ್ಟಾಸ್ ಪದರ (ಚರ್ಮದ ಅಡಿಯ ಪದರ), ಏಳನೇ ದಿನ ಕ್ಯಾಥೆಟರ್ ಹೊರಗೆ. ಮಕ್ಕಳಲ್ಲಿ ಹತ್ತಕ್ಕೆ ಒಂದು ಸೋರುತ್ತಿತ್ತು, ಇಲ್ಲಿ ಅರ್ಧಕ್ಕರ್ಧ. ಒಬ್ಬನದು ನೆನಪಿದೆ. ನಾಲ್ಕನೇ ರಾತ್ರಿ ಮೂರು ಗಂಟೆಗೆ ಸಿಸ್ಟರ್ ಫೋನ್, ಡ್ರೆಸ್ಸಿಂಗ್ ಪೂರಾ ಕೆಂಪು. ಹೋಗಿ ಬಿಚ್ಚಿ ನೋಡಿದರೆ ಗ್ಲಾನ್ಸ್‌ನ (ಶಿಶ್ನದ ತುದಿಯ) ಒಂದು ಗಂಟೂ ಸಡಿಲವಾಗಿರಲಿಲ್ಲ. ದಾರ ಹಾಗೇ ಇತ್ತು, ಮಾಂಸ ಕೊಯ್ದುಕೊಂಡು ಹೋಗಿತ್ತು. ರಾತ್ರಿಯ ನಿಮಿರುವಿಕೆ ಮಾಡಿದ ಕೆಲಸ. ನಾನು ಅಲ್ಲಿಯವರೆಗೂ ದಾರವನ್ನೇ ಬೈಯುತ್ತಿದ್ದೆ.

ನಿಮಿರುವಿಕೆ ತಡೆಯಲು ಕೀಟೊಕೊನಜೋಲ್ ಮಾತ್ರೆ ಕೊಟ್ಟು ನೋಡಿದೆ. ಐದನೆಯವನ ಲಿವರ್ ಎನ್‌ಜೈಮ್ ಏರಿದ ದಿನವೇ ಬಿಟ್ಟೆ. ಈಗ ಶಿಶ್ನದಲ್ಲಿ ಬಾಗು ಇದ್ದರೆ, ಹಳೆಯ ಗಾಯದ ಕಲೆ ಇದ್ದರೆ, ಒಂದೇ ಸಲಕ್ಕೆ ಮುಗಿಸುವ ಆಸೆ ಇಲ್ಲ. ಮೊದಲು ಬಾಗು ತೆಗೆದು ಕೆನ್ನೆಯ ಒಳಪದರ ಹಾಸುವುದು, ಆರು ತಿಂಗಳು ಬಿಡುವುದು, ಆಮೇಲೆ ನಳಿಗೆ ಮಾಡುವುದು. ಡಾರ್ಟಾಸ್ ಬದಲು ಟ್ಯೂನಿಕಾ ವಜೈನಾಲಿಸ್, ಅಂದರೆ ವೃಷಣದ ಸುತ್ತಲಿನ ಪೊರೆ. ಮೂತ್ರ ಹೊಟ್ಟೆಗೆ ಹಾಕಿದ ಕೊಳವೆಯಿಂದಲೇ ಹೊರಗೆ, ಮೂರು ವಾರ. ಗ್ಲಾನ್ಸ್ ಮುಚ್ಚುವಾಗ ಸೂಜಿ ಯಾವ ಕಡೆಯಿಂದ, ಎಷ್ಟು ಆಳ ಎಂಬುದು ಬರೆದರೆ ಬರುವಂಥದ್ದಲ್ಲ. ಆಪರೇಷನ್ ಥಿಯೇಟರ್‌ಗೆ ಬನ್ನಿ, ತೋರಿಸುತ್ತೇನೆ.

ಗುಟ್ಕಾ ಬಗ್ಗೆ ನಮ್ಮಲ್ಲಿ ಯಾರೂ ಮಾತಾಡಲ್ಲ. ನಮ್ಮ ಕಡೆ ಇಪ್ಪತ್ತೈದರ ಹುಡುಗನ ಬಾಯಿಗೆ ಎರಡು ಬೆರಳು ಹೋಗಲ್ಲ, ಕೆನ್ನೆ ಒಳಗೆ ಬಿಳಿ ರಟ್ಟು. ಅಂಥ ಕೆನ್ನೆಯ ಪದರ ತಂದು ಹಾಸಿ ಎರಡು ಗ್ರಾಫ್ಟ್ ಕಳೆದುಕೊಂಡೆ. ಈಗ ನಾಲಗೆಯ ಅಡಿಯಿಂದ ತೆಗೆಯುತ್ತೇನೆ. ಒಂದು ವಾರ ಮಾತು ತೊದಲುತ್ತದೆ, ಅಷ್ಟೇ.

ನಡುವೆ ರೋಗಿಯದೇ ರಕ್ತ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಆ ಫೈಬ್ರಿನ್ ಪೊರೆಯನ್ನು ಹೊಲಿಗೆಯ ಮೇಲೆ ಹೊದಿಸಿದ್ದೂ ಉಂಟು, ನಾಲ್ಕು ಜನಕ್ಕೆ. ನೋಡೋಕೆ ಚಂದ. ಫಲಿತಾಂಶದಲ್ಲಿ ನನಗೇನೂ ಕಾಣಲಿಲ್ಲ. ಯಂತ್ರವನ್ನು ಪಕ್ಕದ ಡೆಂಟಿಸ್ಟ್‌ಗೆ ಕೊಟ್ಟುಬಿಟ್ಟೆ.

ದುಡ್ಡಿನದ್ದೇ ದೊಡ್ಡ ಗೋಳು. ಹುಟ್ಟಿನಿಂದ ಬಂದ ಹೊರಗಿನ ದೋಷ ಎಂದು ವಿಮಾ ಪಾಲಿಸಿಯವರು ಕೈ ತೊಳೆದುಕೊಳ್ಳುತ್ತಾರೆ. ಎರಡು ಆಪರೇಷನ್ ಅಂದರೆ ಎರಡು ಬಿಲ್, ಎರಡು ಸಲ ರಜೆ, ಮನೆಯಲ್ಲಿ ಎರಡು ಸಲ ಸುಳ್ಳು. ಮೊದಲ ಹಂತ ಮುಗಿಸಿಕೊಂಡು ತಿರುಗಿ ಬಾರದವರು ಆರು ಜನ ಇದ್ದಾರೆ. ಬಾಗು ಹೋಯಿತು, ಮದುವೆ ಆಯಿತು, ಕೂತೇ ಉಚ್ಚೆ ಹೊಯ್ಯುತ್ತಾರೆ. ಈಗ ಎರಡನೆಯ ಹಂತದಲ್ಲಿ ನನ್ನ ಫೀ ಅರ್ಧ ಮಾಡಿದ್ದೇನೆ. ಬರುವವರು ಹೆಚ್ಚಿದ್ದಾರೆ.

ಇನ್ನು ಮಕ್ಕಳ ಜೊತೆ ಹೋಲಿಕೆ. ಇತ್ತೀಚಿನ ಇಪ್ಪತ್ತು ದೊಡ್ಡವರಲ್ಲಿ ಫಿಸ್ಟುಲಾ ಮೂರು. ಆ ಮೂವರಲ್ಲಿ ಇಬ್ಬರಿಗೆ ಬೇರೆಯವರು ಮೊದಲೇ ಮೂರ್ನಾಲ್ಕು ಸಲ ಕೈ ಹಾಕಿದ್ದರು. ಒಬ್ಬನ ನಳಿಗೆ ಸೀಳಿದರೆ ಒಳಗೆ ಕೂದಲು, ಕೂದಲಿಗೆ ಕಟ್ಟಿಕೊಂಡ ಕಲ್ಲು. ವೃಷಣ ಚೀಲದ ಚರ್ಮ ಬಳಸಿದ್ದರು. ಇವನೂ ಐದನೇ ವಯಸ್ಸಲ್ಲಿ ಯಾರದೋ ಪಟ್ಟಿಯಲ್ಲಿ 'ಯಶಸ್ವಿ' ಆಗಿದ್ದವನೇ. ಮಗು ದೂರು ಹೇಳಲ್ಲ, ಅಪ್ಪ ಅಮ್ಮ ಒಂದು ವರ್ಷದ ಮೇಲೆ ಬರಲ್ಲ. ಎರಡು ವರ್ಷದ ಮಗುವಾಗಿದ್ದಾಗ ನಾನೇ ಆಪರೇಷನ್ ಮಾಡಿ ಬೀಗಿದ್ದ ಹುಡುಗ ಮೊನ್ನೆ ಹದಿಮೂರನೇ ವಯಸ್ಸಿಗೆ ಬಂದ, ತುದಿ ಕಿರಿದಾಗಿ ಧಾರೆ ದಾರದಷ್ಟು. ಅವನನ್ನು ಯಾವ ಲೆಕ್ಕಕ್ಕೆ ಸೇರಿಸಲಿ? ಚಿಕ್ಕವರಲ್ಲಿ ಗಾಯ ಬೇಗ ಮಾಯುತ್ತದೆ, ಅದನ್ನು ಅಲ್ಲಗಳೆಯಲ್ಲ. ಚಿಕ್ಕಂದಿನಲ್ಲೇ ಮಾಡಿಸಿ ಎಂದೇ ಈಗಲೂ ಹೇಳುತ್ತೇನೆ. ಆದರೆ ಇದುವರೆಗೆ ಯಾರೂ ಮುಟ್ಟದ ದೊಡ್ಡವನನ್ನು "ಆಗಲ್ಲ" ಎಂದು ವಾಪಸ್ ಕಳಿಸಬೇಡಿ.

ಹೋದ ತಿಂಗಳು ನವಲಗುಂದ ಕಡೆಯ ಇಪ್ಪತ್ತೆಂಟರ ಡ್ರೈವರ್, ಮೂತ್ರದ ಧಾರೆಯ ವೇಗ ಅಳೆಯುವ ಯುರೋಫ್ಲೋ ಕೋಣೆಯಿಂದ ಹೊರಗೆ ಬಂದ. ಗ್ರಾಫ್‌ನಲ್ಲಿ ಸೆಕೆಂಡಿಗೆ 22 ಮಿ.ಲೀ., ಒಳ್ಳೆಯ ಧಾರೆ. ಅದನ್ನು ತಿರುಗಿಯೂ ನೋಡದೆ, "ಸರ, ಬೂಟಿನ ಮ್ಯಾಲ ಒಂದ್ ಹನಿ ಬಿದ್ದಿಲ್ಲ ನೋಡ್ರಿ" ಎಂದು ಕಾಲು ಮುಂದೆ ಚಾಚಿದ.