ಬಿಪಿ ಚೀಟಿ ಮತ್ತು ಕಂತಿನ ವಾರ

ಬ್ಯಾಡಗಿ ತಾಲ್ಲೂಕಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನಾನು ನರ್ಸ್. ಬಿಪಿ, ಶುಗರ್ ಇರುವವರನ್ನು ನೋಡಿಕೊಳ್ಳುತ್ತೇನೆ. ಬರುವವರಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರೇ ಜಾಸ್ತಿ. ಮಾತ್ರೆ ಪುಕ್ಕಟೆ ಸಿಗುತ್ತದೆ. ಆದರೂ ಕೆಲವರ ಬಿಪಿ ಇಳಿಯುತ್ತಲೇ ಇರಲಿಲ್ಲ.

ಒಬ್ಬಾಕೆ ಬಾಯಿಬಿಟ್ಟು ಹೇಳಿದಳು: "ಅಕ್ಕಾರ, ನೀವು ಕರಿಯೂ ದಿನಾನ ನಮ್ಮ ಸಂಘದ ಕಂತು. ಹಿಂದಿನ ರಾತ್ರಿ ನಿದ್ದೀನ ಹತ್ತೂದಿಲ್ರಿ."

ಗುಂಪು ಸಾಲದಲ್ಲಿ ಒಬ್ಬರು ಕಟ್ಟದಿದ್ದರೆ ಉಳಿದವರು ಕೈಯಿಂದ ಹಾಕಬೇಕು. ಓಣಿಯವರ ಮುಂದೆ ತಲೆ ತಗ್ಗಿಸುವ ಆ ಭಯ ದೊಡ್ಡದು. ಕಂತು ಹತ್ತಿರ ಬಂದರೆ ಮೊದಲು ಬಿಡುವುದು ಊಟ.

ಹಾಗಾಗಿ ಈಗ ಎಲ್ಲರನ್ನೂ ಕಂತಿನ ಬಗ್ಗೆ ಕೇಳುತ್ತೇನೆ. ಅದೂ ಬಿಪಿ ನೋಡಿದ ಮೇಲೆ. ಮೊದಲೇ ಸಾಲದ ಮಾತೆತ್ತಿದರೆ ಬಿಪಿ ಅಲ್ಲೇ ಏರುತ್ತದೆ. ಯಾವ ವಾರ ಕಂತು, ಎಷ್ಟು ಕಡೆ ಸಾಲ, ಅವತ್ತು ಉಣ್ಣುತ್ತೀರಾ? ಕಂತಿನ ವಾರವನ್ನು ಚೀಟಿಯ ಮೇಲೆ ಬರೆದು, ಮುಂದಿನ ತಾರೀಖು ಬೇರೆ ದಿನಕ್ಕೆ ಕೊಡುತ್ತೇನೆ.

ಊಟದ ಪ್ರಶ್ನೆ ಸುಮ್ನೆ ಕೇಳುವುದಲ್ಲ. ಬಿಪಿಯ ಅಮ್ಲೊಡಿಪಿನ್ ಮಾತ್ರೆಗೆ ಊಟದ ಹಂಗಿಲ್ಲ, ಉಣ್ಣದಿದ್ದರೂ ನುಂಗಬಹುದು. ಶುಗರಿನ ಗ್ಲಿಮೆಪಿರೈಡ್ ಹಾಗಲ್ಲ. ಅದನ್ನು ನುಂಗಿ ಉಪವಾಸ ಕೆಲಸಕ್ಕೆ ಕೂತರೆ ಶುಗರ್ ಇಳಿದು, ಮೈ ಬೆವತು, ಕೈ ನಡುಗಿ, ಪ್ರಜ್ಞೆಯೇ ತಪ್ಪಬಹುದು. ಅಂಥವರನ್ನು ಅವತ್ತೇ ಡಾಕ್ಟರ್ ಹತ್ತಿರ ಕಳಿಸುತ್ತೇನೆ.

ಸಾಲವೇ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಎಮ್ಮೆಗೆ ತಂದ ಸಾಲಕ್ಕೆ ಹಾಲಿನ ದುಡ್ಡಾದರೂ ಇದೆ. ಆಸ್ಪತ್ರೆ ಬಿಲ್ಲಿಗೆ ತಂದ ಸಾಲ ಏನು ದುಡಿದು ಕೊಡುತ್ತದೆ? ಅದಕ್ಕೇ ಆಪರೇಷನ್ ಅಂದ ಕೂಡಲೇ ರೇಷನ್ ಕಾರ್ಡ್ ಕೇಳುತ್ತೇನೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ತುರ್ತು ಇಲ್ಲದಿದ್ದರೆ ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು.

ವಸೂಲಿಯ ಬಗ್ಗೆಯೂ ಹೇಳುತ್ತೇನೆ. ಇಂಥ ಸಣ್ಣ ಸಾಲಕ್ಕೆ (ಮೈಕ್ರೋಫೈನಾನ್ಸ್) ರಿಸರ್ವ್ ಬ್ಯಾಂಕ್ 2022ರಲ್ಲಿ ತಂದ ನಿಯಮದಂತೆ, ಒಂದು ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ಬೆಳಿಗ್ಗೆ 9ಕ್ಕಿಂತ ಮೊದಲು, ಸಂಜೆ 6ರ ನಂತರ ಫೋನ್ ಮಾಡಿ ಕಾಡುವಂತಿಲ್ಲ. ಬಲವಂತದ ವಸೂಲಿ ತಡೆಯಲು ನಮ್ಮ ರಾಜ್ಯ 2025ರಲ್ಲಿ ಕಾನೂನನ್ನೂ ತಂದಿದೆ. ಇದು ಗೊತ್ತಾದರೆ ಮುಖದಲ್ಲಿ ಎಷ್ಟು ಧೈರ್ಯ ಬರುತ್ತದೆ ಅಂತೀರಿ!

ನಿದ್ದೆಯೇ ಹೋದವರಿಗೆ, ಬದುಕೇ ಸಾಕು ಅನ್ನುವವರಿಗೆ ನಂಬರ್ ಬರೆದುಕೊಟ್ಟು ಕಳಿಸುವುದಿಲ್ಲ. ಪಕ್ಕದಲ್ಲಿ ಕೂತು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ನಾನೇ ಫೋನ್ ಹಚ್ಚಿಕೊಡುತ್ತೇನೆ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಬೀಳುವುದಿಲ್ಲ.